ಮಿಲಿಗ್ರಾಂ ಎಷ್ಟೆಂದು ಶೀಶೆ ಹೇಳಲಿ

ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ‘ಬಯೋಕೆಮಿಕ್’ ಮಾತ್ರೆಗಳ ಪುಟ್ಟ ಶೀಶೆಯೊಂದು ಇರುವುದು ಸಾಮಾನ್ಯ. ಹಲ್ಲು ಬರುವ ಮಗುವಿಗೆ ಕ್ಯಾಲ್ಕೇರಿಯಾ ಫಾಸ್, ರಕ್ತ ಕಡಿಮೆಯೆಂದರೆ ಫೆರಮ್ ಫಾಸ್. ಸಿಹಿಯಾದ್ದರಿಂದ ಮಕ್ಕಳು ಹಠ ಮಾಡುವುದಿಲ್ಲ. ಬಾಲ್ಯದಲ್ಲಿ ನಾನೂ ಕದ್ದು ತಿಂದವನೇ. ಕಳೆದ ವರ್ಷದವರೆಗೆ ಈ ಬಗ್ಗೆ ನನ್ನ ತಕರಾರೇನೂ ಇರಲಿಲ್ಲ. ಆಗ ನನ್ನ ತಮ್ಮನ ಮೊಮ್ಮಗಳು, 15ರ ಹುಡುಗಿ, ಶಾಲೆಯ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಹಿಮೋಗ್ಲೋಬಿನ್ 7.6 ಗ್ರಾಂ. ಶಾಲೆಯಲ್ಲಿ ವಾರಕ್ಕೊಮ್ಮೆ ಉಚಿತವಾಗಿ ಕೊಡುವ ಕಬ್ಬಿಣದ ಮಾತ್ರೆ ಹೊಟ್ಟೆ ತೊಳಸುತ್ತದೆಂದು ಬಿಟ್ಟು, ಎಂಟು ತಿಂಗಳಿಂದ ಮನೆಯಲ್ಲಿ ಫೆರಮ್ ಫಾಸ್ 6ಎಕ್ಸ್ ತೆಗೆದುಕೊಳ್ಳುತ್ತಿದ್ದಳು.

ಈ ಮಾತ್ರೆಗಳ ಮೂಲವನ್ನು ಹುಡುಕಿ ಓದಿದಾಗ ನನಗೆ ಅಚ್ಚರಿಯಾದದ್ದು, ಮೂಲ ಕಲ್ಪನೆ ಅವಿವೇಕದ್ದಲ್ಲ ಎಂಬುದು. ರೋಗದ ನೆಲೆ ಜೀವಕೋಶವೇ ಎಂದು ಜರ್ಮನಿಯ ರುಡಾಲ್ಫ್ ಫಿರ್ಕೋ 1858ರಲ್ಲಿ ಪ್ರತಿಪಾದಿಸಿದ್ದರು. ಖನಿಜಗಳಿಲ್ಲದೆ ಅಂಗಾಂಶಗಳು ರೂಪುಗೊಳ್ಳಲಾರವೆಂದು ಯಾಕೋಬ್ ಮೊಲೆಶಾಟ್ ಬರೆದಿದ್ದರು. ಇವೆರಡನ್ನೂ ಜೋಡಿಸಿದವರು ಓಲ್ಡನ್‌ಬುರ್ಗ್‌ನ ಹೋಮಿಯೋಪತಿ ವೈದ್ಯ ವಿಲ್ಹೆಲ್ಮ್ ಶ್ಯೂಸ್ಲರ್. ಕೋಶಗಳಲ್ಲಿ ಲವಣಗಳ ಸಮತೋಲ ಕೆಟ್ಟಾಗ ರೋಗ ಬರುತ್ತದೆ, ಕೊರತೆಯಾದ ಲವಣವನ್ನು ಸೂಕ್ಷ್ಮ ಪ್ರಮಾಣದಲ್ಲಿ ಕೊಟ್ಟರೆ ವಾಸಿಯಾಗುತ್ತದೆ ಎಂದು 1873ರಲ್ಲಿ ಅವರು ಪ್ರಕಟಿಸಿದರು. ಹನ್ನೆರಡು ಲವಣಗಳನ್ನು ಹೆಸರಿಸಿದ ಅವರೇ ಕೊನೆಯ ವರ್ಷಗಳಲ್ಲಿ ಒಂದನ್ನು ಕೈಬಿಟ್ಟರು. ನಮ್ಮ ಅಂಗಡಿಗಳಲ್ಲಿ ಮಾತ್ರ ಹನ್ನೆರಡೂ ದೊರೆಯುತ್ತವೆ!

ಅದೇ ಕಾಲದಲ್ಲಿ ಲಂಡನ್ನಿನಲ್ಲಿ ವೈದ್ಯ ಸಿಡ್ನಿ ರಿಂಗರ್ ಅವರೂ ಲವಣಗಳ ಬೆನ್ನುಹತ್ತಿದ್ದರು. ಹೊರತೆಗೆದ ಕಪ್ಪೆಯ ಹೃದಯ ಬರಿಯ ಉಪ್ಪುನೀರಿನಲ್ಲಿ ಗಂಟೆಗಟ್ಟಲೆ ಮಿಡಿಯುವುದನ್ನು ಅವರು ಕಂಡರು. ಆಮೇಲೆ ತಿಳಿದುಬಂತು, ದ್ರಾವಣವನ್ನು ಬಟ್ಟಿ ಇಳಿಸಿದ ನೀರಿನಿಂದಲ್ಲ, ನಲ್ಲಿಯ ನೀರಿನಿಂದ ಮಾಡಲಾಗಿತ್ತು! ಬಟ್ಟಿ ಇಳಿಸಿದ ನೀರು ಬಳಸಿದಾಗ ಹೃದಯ ಬೇಗನೆ ನಿಂತಿತು. ಸ್ವಲ್ಪ ಕ್ಯಾಲ್ಸಿಯಂ ಬೆರೆಸಿದಾಗ ಮತ್ತೆ ಮಿಡಿಯಿತು. ರಿಂಗರ್ ತಮ್ಮ ಮೊದಲಿನ ತೀರ್ಮಾನ ತಪ್ಪೆಂದು 1883ರಲ್ಲಿ ತಾವೇ ಪ್ರಕಟಿಸಿದರು. ಯಾವ ಲವಣ ಎಷ್ಟಿರಬೇಕೆಂದು ಅಳೆದು ನಿಗದಿಪಡಿಸಿದರು. ಅಲೆಕ್ಸಿಸ್ ಹಾರ್ಟ್‌ಮನ್ ಅದಕ್ಕೆ ಲ್ಯಾಕ್ಟೇಟ್ ಸೇರಿಸಿದ್ದು 1932ರಲ್ಲಿ. ಇಂದು ಆಸ್ಪತ್ರೆಗಳಲ್ಲಿ ಡ್ರಿಪ್ ಮೂಲಕ ಹರಿಸುವ ‘ರಿಂಗರ್ಸ್ ಲ್ಯಾಕ್ಟೇಟ್’ ಅದೇ.

ಕಬ್ಬಿಣದ ವಿಷಯದಲ್ಲಂತೂ ಪ್ರಮಾಣದ ಮಹತ್ವ ಶ್ಯೂಸ್ಲರ್‌ಗಿಂತ ಮೊದಲೇ ಗೊತ್ತಿತ್ತು. ಫ್ರಾನ್ಸಿನ ಪಿಯರ್ ಬ್ಲೋ 1830ರ ದಶಕದಲ್ಲೇ ಬಿಳಿಚಿಕೊಂಡ ತರುಣಿಯರಿಗೆ ಕಬ್ಬಿಣದ ಗುಳಿಗೆಗಳನ್ನು ಧಾರಾಳವಾಗಿ ಕೊಟ್ಟು ಗುಣಪಡಿಸಿದ್ದರು.

ನಾನು ವೈದ್ಯನಲ್ಲ, ಅರ್ಥಶಾಸ್ತ್ರ ಓದಿದವನು. ಆದರೆ ಲೆಕ್ಕ ಸರಳವಾಗಿದೆ. 6ಎಕ್ಸ್ ಎಂದರೆ ಹತ್ತರಲ್ಲೊಂದು ಪಾಲಿನಂತೆ ಆರು ಸಲ ದುರ್ಬಲಗೊಳಿಸಿದ್ದು, ಅಂದರೆ 10 ಲಕ್ಷ ಭಾಗದಲ್ಲಿ ಒಂದು ಭಾಗ. 100 ಮಿಲಿಗ್ರಾಂ ತೂಕದ ಮಾತ್ರೆಯಲ್ಲಿ ಔಷಧ 0.0001 ಮಿಲಿಗ್ರಾಂ, ಉಳಿದದ್ದು ಹಾಲಿನ ಸಕ್ಕರೆ. ಶಾಲೆಯ ಮಾತ್ರೆಯಲ್ಲಿರುವ ಕಬ್ಬಿಣ 60 ಮಿಲಿಗ್ರಾಂ. ಔಷಧವೆಲ್ಲ ಕಬ್ಬಿಣವೇ ಎಂದು ಉದಾರವಾಗಿ ಒಪ್ಪಿದರೂ, ಅದಕ್ಕೆ ಸಮನಾಗಲು ನಮ್ಮ ಹುಡುಗಿ 6 ಲಕ್ಷ ಮಾತ್ರೆ ನುಂಗಬೇಕಿತ್ತು.

ಇದರಿಂದ ಅಪಾಯವೇನೂ ಇಲ್ಲವಲ್ಲ ಎಂಬುದು ಸ್ನೇಹಿತರ ವಾದ. ಮಾತ್ರೆಯಿಂದ ಇಲ್ಲದಿರಬಹುದು, ಅದನ್ನು ನಂಬಿ ಕಳೆದ ಎಂಟು ತಿಂಗಳಿಂದ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿ ರಕ್ತಹೀನರು. ಹೀಗಿರುವಾಗ ಕಬ್ಬಿಣದ ಹೆಸರು ಹೊತ್ತ ಶೀಶೆಯಲ್ಲಿ ಕಬ್ಬಿಣವೆಷ್ಟು ಎಂದು ತಿಳಿಯುವ ಹಕ್ಕು ಕೊಳ್ಳುವವರಿಗಿಲ್ಲವೇ? ನಾನು ನಿಷೇಧ ಕೇಳುತ್ತಿಲ್ಲ. ಮೂವತ್ತು ವರ್ಷ ಸರ್ಕಾರಿ ಕಡತಗಳ ನಡುವೆ ಕಳೆದವನಿಗೆ ನಿಷೇಧಗಳ ಗತಿ ಗೊತ್ತು. ‘6ಎಕ್ಸ್’ ಎಂಬ ಸಂಕೇತದ ಪಕ್ಕದಲ್ಲಿ ಪ್ರತಿ ಮಾತ್ರೆಯಲ್ಲಿರುವ ಖನಿಜವನ್ನು ಮಿಲಿಗ್ರಾಂ ಲೆಕ್ಕದಲ್ಲಿ, ಕನ್ನಡದಲ್ಲೂ ಮುದ್ರಿಸುವುದು ಕಡ್ಡಾಯವಾಗಲಿ. ಬಿಸ್ಕತ್ತಿನ ಪೊಟ್ಟಣಕ್ಕೆ ಸಕ್ಕರೆಯ ಪ್ರಮಾಣ ಹೇಳುವ ಹೊಣೆ ಇರುವಾಗ, ಔಷಧಕ್ಕೆ ಇದೇನೂ ಹೆಚ್ಚಿನ ಭಾರವಲ್ಲ.

ವೈದ್ಯರು ಬರೆದುಕೊಟ್ಟ ಕಬ್ಬಿಣದ ಮಾತ್ರೆಯನ್ನು ಹುಡುಗಿ ಮುಖ ಸಿಂಡರಿಸಿಕೊಂಡೇ ನುಂಗಿದಳು. ನಾಲ್ಕು ತಿಂಗಳ ನಂತರ ಹಿಮೋಗ್ಲೋಬಿನ್ 11.4 ಇತ್ತು. ಆ ಏರಿಕೆಗೆ ಫೆರಮ್ ಫಾಸ್ ಕೂಡ ಕಾರಣವಿರಬೇಕೆಂದು ಅವಳಜ್ಜಿ ಇಂದಿಗೂ ನಂಬಿದ್ದಾರೆ.