ಎರಡೇ ಸೀಟಿನ ಕಾರಿಗೆ ಯಾಕೆ ಇಷ್ಟು ಕೋಪ?

ದುಬೈಯಲ್ಲಿರುವ ನನ್ನ ತಮ್ಮ ಈ ಆಗಸ್ಟ್‌ನಲ್ಲಿ ಹೆಂಡತಿಯನ್ನು ಕರೆದುಕೊಂಡು ಒಮಾನಿನ ಸಲಾಲಕ್ಕೆ ಹೋಗುತ್ತಾನಂತೆ. ಅದೂ ಮಾಡು ತೆರೆಯುವ, ಎರಡೇ ಸೀಟಿನ ಮಾಝ್ದಾ ಎಂಎಕ್ಸ್-5ರಲ್ಲಿ. ಮಕ್ಕಳು ಅಕ್ಕನ ಮನೆಯಲ್ಲಿರುತ್ತಾರೆ. ಸುದ್ದಿ ಊರಿಗೆ ಮುಟ್ಟಿದ್ದೇ ತಡ, 'ಮಕ್ಕಳನ್ನು ಬಿಟ್ಟು ಎಂತ ತಿರುಗಾಟ?' ಎಂದು ಎಲ್ಲರೂ ಶುರು.

ನಾನು ಅವರ ಪರ. ಮದುವೆಯಾಗಿ 14 ವರ್ಷ, ಅದರಲ್ಲಿ 9 ವರ್ಷ ಅವನು ಅಲ್ಲಿ, ಅವಳು ಇಲ್ಲಿ. ರಜೆಗೆ ಬಂದಾಗಲೂ ಅವನ ಪಕ್ಕದ ಸೀಟು ಹಿರಿಯರಿಗೆ. ಅವಳು ಹಿಂದೆ ಮಕ್ಕಳ ನಡುವೆ, ಮಡಿಲಲ್ಲಿ ಬಿರಿಯಾನಿ ಪಾತ್ರೆ.

ಕಾರಿನ ಬಗ್ಗೆ ಮಾತ್ರ ನನಗೂ ತಕರಾರುಂಟು. ಡಿಕ್ಕಿಯಲ್ಲಿ ಎರಡು ಸಣ್ಣ ಬ್ಯಾಗ್ ಹಿಡಿದರೆ ಹೆಚ್ಚು. ಸ್ಟೆಪ್ನಿ ಇಲ್ಲ, ಪಂಕ್ಚರ್ ಕಿಟ್ ಮಾತ್ರ. ದಾರಿಯೋ ಸಾವಿರ ಕಿ.ಮೀ.ಗೂ ಮಿಕ್ಕಿ. ಹಗಲು ಮರುಭೂಮಿಯಲ್ಲಿ ಮಾಡು ತೆರೆದರೆ ತಲೆ ಸುಟ್ಟೀತು. ರಾತ್ರಿ ಒಂಟೆಗಳ ಭಯ. ಇಷ್ಟು ತಗ್ಗಿನ ಕಾರು ಗುದ್ದಿದರೆ ಒಂಟೆ ಬೀಳುವುದೇ ಗಾಜಿನ ಮೇಲೆ. ಹಾಗಾಗಿ ಕತ್ತಲಾಗುವ ಮೊದಲೇ ಹೈಮಾದಲ್ಲಿ ರೂಮು ಹಿಡಿಯಲು ಹೇಳಿದ್ದೇನೆ.

ತುಮ್ರೈತ್ ದಾಟಿ ಗುಡ್ಡ ಇಳಿಯುವಾಗ ಮಂಜು, ಜಿಟಿಜಿಟಿ ಹನಿ. ನಮ್ಮಲ್ಲಿಗೆ ಮಳೆ ತರುವ ಮುಂಗಾರು ಗಾಳಿಯದ್ದೇ ಕೆಲಸ ಅದು. ಕೆಳಗೆ ಸಮುದ್ರದ ಬದಿಗೆ ತಲುಪಿದ ಮೇಲೆ ಮಾಡು ತೆರೆಯಲಿ, ಸ್ವಲ್ಪ ನೆನೆಯಲಿ.

ಉಮ್ಮನಿಗೂ ಇದನ್ನೆಲ್ಲ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು.

'ಹಾಗಾದರೆ ಅವಳಿಗೊಂದು ಕೊಡೆ ತೆಗೊಳ್ಳಲಿಕ್ಕೆ ಹೇಳು' ಎಂದರು.