ಹುಳಿ ನೀರು, ಸವಳು ನೀರು

ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಅಲ್ಲಿನ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಕಲ್ಲಿದ್ದಲು ಉರಿದರೆ ಗಂಧಕದ ಹೊಗೆ ಏಳುತ್ತದೆ. ಆ ಹೊಗೆ ಮಳೆಯಲ್ಲಿ ಕರಗಿದರೆ ಆಮ್ಲವಾಗುತ್ತದೆ. ಹಾಗಿದ್ದರೆ ಸುತ್ತಲಿನ ಕೆರೆಗಳು ಹುಳಿಯಾಗಿರಬೇಕಿತ್ತು. ಆದರೆ ಇಲ್ಲಿನ ನೀರಿನ ಒಲವು ಇಂದಿಗೂ ಕ್ಷಾರದ ಕಡೆಗೇ. ಈ ಒಗಟು ಬಿಡಿಸಿಕೊಳ್ಳಲು ಸ್ವಲ್ಪ ದೂರ ಹೋಗಿಬರಬೇಕು.

ನಾರ್ವೆ, ಸ್ವೀಡನ್ನಿನ ಬೆಟ್ಟದ ಸರೋವರಗಳಲ್ಲಿ ಕಳೆದ ಶತಮಾನದ ನಡುಭಾಗದ ಹೊತ್ತಿಗೆ ಮೀನು ಕಾಣೆಯಾಗತೊಡಗಿತು. ಬ್ರಿಟನ್ ಮತ್ತು ಮಧ್ಯ ಯುರೋಪಿನ ಚಿಮಣಿಗಳ ಗಂಧಕ ಗಾಳಿಯಲ್ಲಿ ಸಾಗಿ ಅಲ್ಲಿ ಮಳೆ, ಹಿಮವಾಗಿ ಇಳಿಯುತ್ತಿತ್ತು. ಬೆಟ್ಟದ ನೆಲ ಗಟ್ಟಿ ಕಲ್ಲು, ಮೇಲೆ ತೆಳು ಮಣ್ಣು. ಆಮ್ಲವನ್ನು ಸರಿದೂಗಿಸಲು ಬೇಕಾದ ಸುಣ್ಣದಂಶ ಅದರಲ್ಲಿಲ್ಲ. ಮೇಲಾಗಿ ಆಮ್ಲವು ಮಣ್ಣಿನೊಳಗಿನ ಅಲ್ಯೂಮಿನಿಯಮ್ಮನ್ನು ಬಿಡಿಸಿ ನೀರಿಗೆ ತಂದಿತು; ಅದು ಮೀನಿನ ಕಿವಿರಿಗೆ ವಿಷ.

ಇಂಥ ಆಮ್ಲತೆಯನ್ನು ಅಳೆಯುವ ಪಿಎಚ್ ಮೀಟರು ಅದ್ದಿದ ಗಳಿಗೆಯ ನೀರಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ವಸಂತದಲ್ಲಿ ಹಿಮ ಕರಗುವಾಗ ನಾಲ್ಕು ದಿನ ಆಮ್ಲ ಏರಿ ಇಳಿದರೆ ಮೀಟರಿಗೆ ಅದು ಸಿಗದೇ ಹೋಗಬಹುದು. ನೀರಿನ ತಳದಲ್ಲೇ ತಿಂಗಳುಗಟ್ಟಲೆ ಬೆಳೆಯುವ ಹುಳುಗಳು ಮಾತ್ರ ಆ ನಾಲ್ಕು ದಿನವನ್ನೂ ಬದುಕಬೇಕು, ಇಲ್ಲವೇ ಸಾಯಬೇಕು. ಬಸವನಹುಳುವಿನ ಚಿಪ್ಪು ಸುಣ್ಣದ್ದು. ಪಿಎಚ್ 6ಕ್ಕಿಂತ ಕೆಳಗಿಳಿದಂತೆ ಅದರ ಜಾತಿಗಳು ಒಂದೊಂದಾಗಿ ಇಲ್ಲವಾಗುತ್ತವೆ. ಪಿಎಚ್ ಒಂದಂಕ ಇಳಿದರೆ ಆಮ್ಲತೆ ಹತ್ತು ಪಟ್ಟು ಏರುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು. ನಾರ್ವೆಯ ಗುನ್ನಾರ್ ರಾಡ್ಡುಮ್ 1980ರ ದಶಕದಲ್ಲಿ ಯಾವ ಜೀವಿ ಎಷ್ಟು ಆಮ್ಲ ತಾಳುತ್ತದೆ ಎಂಬುದನ್ನೇ ಅಂಕಪಟ್ಟಿ ಮಾಡಿದರು. ಆಮ್ಲವನ್ನು ಒಂದಿಷ್ಟೂ ತಾಳದ ಜೀವಿಗೆ 1, ಎಂಥ ಆಮ್ಲದಲ್ಲೂ ಬದುಕುವುದಕ್ಕೆ 0, ನಡುವಿನವಕ್ಕೆ 0.5 ಮತ್ತು 0.25. ತೀರಾ ಸೂಕ್ಷ್ಮ ಜಾತಿಯ ಮೇಫ್ಲೈ ಕೀಟದ ಮರಿಯೊಂದು ಬಲೆಗೆ ಬಿದ್ದರೂ ಸಾಕು, ಆ ಜಾಗಕ್ಕೆ ಪೂರ್ತಿ ಅಂಕ.

ಈಗ ನಮ್ಮ ನೆಲಕ್ಕೆ ಬರೋಣ. ಅಡಿಯಲ್ಲಿರುವ ಬಂಡೆ ನಮ್ಮಲ್ಲೂ ಗ್ರಾನೈಟ್, ನೈಸ್ ಜಾತಿಯದೇ. ಆದರೆ ಮೇಲಿನ ಎರೆಮಣ್ಣಿನಲ್ಲಿ ಸುಣ್ಣದ ಹರಳು ಧಾರಾಳವಾಗಿದೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ಆದ್ದರಿಂದ ಲವಣ ಕೊಚ್ಚಿ ಹೋಗದೆ ಉಳಿಯುತ್ತದೆ. ಗಾಳಿಯಲ್ಲಿ ಹಾರುವ ದೂಳಿನ ಸುಣ್ಣದಂಶ ಮಳೆಹನಿಯ ಆಮ್ಲವನ್ನು ಮೇಲೆಯೇ ತಣಿಸುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ಗಂಧಕ ಕಡಿಮೆ. ಹೀಗಾಗಿ ನಮ್ಮ ಜಿಲ್ಲೆಯ ಮಾನ್ವಿಯ ರೈತರ ದೂರು ಹುಳಿಯದಲ್ಲ, ಸವಳಿನದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತು, ಬಸಿದು ಹೋಗದೆ, ಭತ್ತದ ಗದ್ದೆಗಳಲ್ಲಿ ಬಿಳಿ ಲವಣ ಮೇಲೆದ್ದಿದೆ.

ಆದ್ದರಿಂದ ರಾಡ್ಡುಮ್ ಪಟ್ಟಿ ಹಿಡಿದು ಇದೇ ಜಿಲ್ಲೆಯ ದೇವದುರ್ಗದ ಕೆರೆಗೆ ಇಳಿದರೆ, ಬಸವನಹುಳು ಕಂಡ ಕೂಡಲೇ ಪೂರ್ತಿ ಅಂಕ ಕೊಟ್ಟು ಬರಬೇಕಾಗುತ್ತದೆ. ಪಕ್ಕದಲ್ಲೇ ಚರಂಡಿ ಸೇರುತ್ತಿದ್ದರೂ ಪಟ್ಟಿಗೆ ಅದು ಕಾಣದು. ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ: ಕೊಳಚೆ ಎಷ್ಟು, ಉಪ್ಪು ಎಷ್ಟು, ಹತ್ತಿ-ಮೆಣಸಿನಕಾಯಿ ಹೊಲದ ಔಷಧಿ ಎಷ್ಟು ಹರಿದು ಬಂದಿದೆ? ಕೊಳಚೆಯ ಪ್ರಶ್ನೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜೈವಿಕ ಮಾನದಂಡವಿದೆ. ಅದು ಜಲಜೀವಿ ಕುಟುಂಬಗಳಿಗೆ ಅಂಕ ಕೊಟ್ಟು, ನೀರನ್ನು ‘ಎ’ಯಿಂದ ‘ಇ’ವರೆಗೆ ಐದು ದರ್ಜೆಗಳಲ್ಲಿಡುತ್ತದೆ. ಬೆಂಗಳೂರಿನ ಏಟ್ರೀ ಸಂಸ್ಥೆ 2007ರಲ್ಲಿ ಜಲಕೀಟಗಳ ಕೈಪಿಡಿಯನ್ನೇ ಹೊರತಂದಿದೆ. ಮೇಫ್ಲೈ ಮರಿಗಳು ಕಡಿಮೆಯಾಗಿ ಕೆಸರಿನ ಕೆಂಪು ಹುಳುಗಳೇ ತುಂಬಿದ್ದರೆ ನೀರಿನಲ್ಲಿ ಆಮ್ಲಜನಕ ಕುಸಿದಿದೆ ಎಂದರ್ಥ. ರಕ್ತದಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಕೆಂಪು ಹುಳುಗಳು ಅಲ್ಲೂ ಉಳಿಯುತ್ತವೆ.

ವಿಧಾನಕ್ಕೆ ಮಿತಿಗಳಿವೆ. ಬೇಸಿಗೆಯಲ್ಲಿ ಬತ್ತಿದ ಕೆರೆಯಲ್ಲಿ ಹುಳು ಇಲ್ಲದಿರಲು ಬರಗಾಲವೇ ಕಾರಣವಿರಬಹುದು, ವಿಷವಲ್ಲ. ಕುಡಿಯುವ ನೀರಿನ ರೋಗಾಣುವನ್ನು ಹುಳುಗಳು ಹೇಳವು. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ಅಂಥದ್ದನ್ನು ಹಿಡಿಯಲು ಪ್ರಯೋಗಾಲಯದ ಬ್ಯಾಕ್ಟೀರಿಯಾ ಪರೀಕ್ಷೆಯೇ ಬೇಕು. ಅಂಕಪಟ್ಟಿ ಆ ಕೆಲಸಕ್ಕೆ ಬದಲಿಯಲ್ಲ.

ನಾರ್ವೆಯಿಂದ ಕಲಿಯಬೇಕಾದದ್ದು ಪಟ್ಟಿಯನ್ನಲ್ಲ, ಪಟ್ಟಿ ಮಾಡಿದ ಕ್ರಮವನ್ನು. ಯಾವ ನೀರಿನಲ್ಲಿ ಯಾವ ಜೀವಿ ಉಳಿಯಿತು ಎಂದು ಅವರು ತಮ್ಮ ಸರೋವರಗಳಲ್ಲೇ ನೋಡಿ ಅಂಕ ಕೊಟ್ಟರು. ನಮ್ಮಲ್ಲೂ ದೇವದುರ್ಗದ ಕಡೆಯ ಕೃಷ್ಣೆ, ಮಾನ್ವಿ ಕಡೆಯ ತುಂಗಭದ್ರೆ, ನಗರದ ಮಾವಿನ ಕೆರೆ, ಒಂದು ಸವಳು ಹಳ್ಳ, ಆದಷ್ಟು ಶುದ್ಧವಾದ ಒಂದು ಊರಕೆರೆ, ಇಷ್ಟನ್ನು ಆರಿಸಿಕೊಳ್ಳಬಹುದು. ಮಳೆ ನಿಂತ ಮೇಲೊಮ್ಮೆ, ಬೇಸಿಗೆಗೆ ಮೊದಲೊಮ್ಮೆ ಬಲೆ ಹಾಕಿ, ಬಿಳಿ ತಟ್ಟೆಯಲ್ಲಿ ಸುರಿದು, ಕುಟುಂಬವಾರು ಎಣಿಸಿ, ಅದೇ ದಿನದ ಪಿಎಚ್, ಲವಣ, ಆಮ್ಲಜನಕವನ್ನು ಪಕ್ಕದಲ್ಲಿ ಬರೆದಿಡಬೇಕು. ಖರ್ಚು ಕಡಿಮೆ, ಜಿಲ್ಲೆಯ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳೇ ಮಾಡಬಲ್ಲ ಕೆಲಸ. ಆದರೆ ವರ್ಷ ತಪ್ಪದೆ ಮಾಡಬೇಕು. ನೀರು ಚೆನ್ನಾಗಿದ್ದಾಗಿನ ಲೆಕ್ಕ ಕೈಯಲ್ಲಿಲ್ಲದಿದ್ದರೆ, ಕೆಟ್ಟ ಮೇಲೆ ಎಷ್ಟು ಕೆಟ್ಟಿತೆಂದು ಯಾರೂ ಸಾಬೀತು ಮಾಡಲಾರರು.