ಟಿಕೆಟ್ ಹಂಚುವವರಿಗೆ ಒಂದು ಬಹಿರಂಗ ಪತ್ರ

ಗೆ,
ರಾಷ್ಟ್ರೀಯ ಪಕ್ಷಗಳ ಅಧ್ಯಕ್ಷರು ಹಾಗೂ ಚುನಾವಣಾ ಸಮಿತಿಗಳ ಸದಸ್ಯರು

ಮಾನ್ಯರೇ,

ಗಣರಾಜ್ಯವಾಗಿ ಎಪ್ಪತ್ತೈದು ವರ್ಷ ದಾಟಿದರೂ ನಮ್ಮ ಉಪರಾಷ್ಟ್ರಪತಿಯ ಪೀಠದಲ್ಲಿ ಒಬ್ಬ ಹೆಣ್ಣುಮಗಳೂ ಕೂತಿಲ್ಲ. ನಿಲ್ಲುವವರು ಇರಲಿಲ್ಲವೆಂದಲ್ಲ. 2007ರಲ್ಲಿ ನಜ್ಮಾ ಹೆಪ್ತುಲ್ಲಾ ನಿಂತರು. 2022ರಲ್ಲಿ ಮಂಗಳೂರಿನ ಮಾರ್ಗರೆಟ್ ಆಳ್ವ ನಿಂತರು. ರಾಜೀವ್ ಗಾಂಧಿ ಸರ್ಕಾರದಲ್ಲಿ ಮಹಿಳಾ ಕಲ್ಯಾಣದ ಹೊಣೆ ಹೊತ್ತಿದ್ದಾಗ, ಸ್ಥಳೀಯ ಸಂಸ್ಥೆಗಳಲ್ಲಿ ಹೆಂಗಸರಿಗೆ ಶೇ. 30 ಮೀಸಲಾತಿ ಬೇಕೆಂಬ 1988ರ ಯೋಜನೆಯನ್ನು ಮುಂದಿಟ್ಟವರು ಆಳ್ವ. ಅಷ್ಟು ಅನುಭವದ ನಾಯಕಿಗೆ ಬಿದ್ದದ್ದು 182 ಮತ, ಎದುರಾಳಿಗೆ 528. ಈ ಚುನಾವಣೆಯಲ್ಲಿ ಮತ ಹಾಕುವವರು ಸಂಸದರು ಮಾತ್ರ. ಯಾರ ಕಡೆ ಎಷ್ಟು ತಲೆ ಎಂಬುದು ನಾಮಪತ್ರ ಸಲ್ಲಿಸುವ ಮೊದಲೇ ಎಲ್ಲರಿಗೂ ಗೊತ್ತಿತ್ತು.

ರಾಷ್ಟ್ರಪತಿ ಚುನಾವಣೆಯಲ್ಲೂ 2002ರಲ್ಲಿ ಕ್ಯಾಪ್ಟನ್ ಲಕ್ಷ್ಮೀ ಸೆಹಗಲ್, 2017ರಲ್ಲಿ ಮೀರಾ ಕುಮಾರ್ ಇದೇ ರೀತಿ ಸಂಖ್ಯಾಬಲವಿಲ್ಲದ ಕಡೆಯಿಂದ ನಿಂತು ಸೋತರು. ಪ್ರತಿಭಾ ಪಾಟೀಲ್, ದ್ರೌಪದಿ ಮುರ್ಮು ಗೆದ್ದರಲ್ಲ ಎನ್ನುತ್ತೀರಿ. ಗೆದ್ದರು, ಅದು ಹೆಮ್ಮೆಯ ಸಂಗತಿಯೇ. ಅವರನ್ನು ನಿಲ್ಲಿಸಿದ್ದು ಆಗ ಕೇಂದ್ರದಲ್ಲಿ ಅಧಿಕಾರದಲ್ಲಿದ್ದ ಬಣಗಳು ಎಂಬುದನ್ನೂ ದಯವಿಟ್ಟು ನೆನಪಿಡಿ. ಗೆಲ್ಲುವ ಕಡೆ ನಿಲ್ಲಿಸಿದರೆ ಹೆಂಗಸರೂ ಗೆಲ್ಲುತ್ತಾರೆ. 2025ರಲ್ಲಿ ಉಪರಾಷ್ಟ್ರಪತಿ ಸ್ಥಾನ ತೆರವಾದಾಗ ನೀವು ಎರಡೂ ಕಡೆಯಿಂದ ಗಂಡಸರನ್ನೇ ಕಣಕ್ಕಿಳಿಸಿದಿರಿ.

ಲೋಕಸಭೆಯ ಟಿಕೆಟ್ ಕೇಳಿದರೆ 'ಗೆಲ್ಲುವ ಸಾಮರ್ಥ್ಯ ನೋಡುತ್ತೇವೆ' ಎಂಬ ಉತ್ತರ ಸಿಗುತ್ತದೆ. ಈ ಮಾತನ್ನು ಕರ್ನಾಟಕದವರ ಮುಂದೆ ಹೇಳಬೇಡಿ. 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿ ಮರುವರ್ಷ ಸಂಸತ್ತಿಗೆ ಮರಳಿದ್ದು ಚಿಕ್ಕಮಗಳೂರಿನ ಉಪಚುನಾವಣೆಯಿಂದ. ಅಲ್ಲಿ ಅವರು ಸೋಲಿಸಿದ್ದು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು. 1999ರಲ್ಲಿ ಬಳ್ಳಾರಿಯ ಕಣದಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಎದುರುಬದುರಾದರು. ಸುಷ್ಮಾ ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿದರು. ಸೋತರೂ ಬಳ್ಳಾರಿಯ ಜನ ಅವರನ್ನು ಮರೆಯಲಿಲ್ಲ. ಪಕ್ಷದ ಮಾನ ಪಣಕ್ಕಿದ್ದ ಆ ದಿನ ಹೆಣ್ಣು ಗೆಲ್ಲುತ್ತಾಳೋ ಇಲ್ಲವೋ ಎಂಬ ಅನುಮಾನ ನಿಮಗೆ ಬರಲಿಲ್ಲ. ಸಾಮಾನ್ಯ ಕಾರ್ಯಕರ್ತೆ ಅರ್ಜಿ ಹಿಡಿದು ಬಂದಾಗ ಮಾತ್ರ ಬರುತ್ತದೆ.

ಧಾರವಾಡದಿಂದ ಸರೋಜಿನಿ ಮಹಿಷಿ ಲೋಕಸಭೆಗೆ ಹೋದದ್ದು 1962ರಲ್ಲಿ. ಅದಾಗಿ ಅರವತ್ತು ವರ್ಷ ದಾಟಿದರೂ 2024ರಲ್ಲಿ ನಮ್ಮ 28 ಕ್ಷೇತ್ರಗಳಿಂದ ಗೆದ್ದ ಮಹಿಳೆಯರು ಮೂವರೇ, ಅವರಲ್ಲಿ ಇಬ್ಬರು ರಾಜ್ಯದ ಸಚಿವರ ಮನೆಯವರು. ಅದು ಅವರ ತಪ್ಪಲ್ಲ. ಬೇರೆಯವರಿಗೆ ಬಾಗಿಲು ತೆರೆಯದಿರುವುದು ನಿಮ್ಮ ತಪ್ಪು. ದೇಶದ ಲೆಕ್ಕವೂ ಇಷ್ಟೇ: 2019ರಲ್ಲಿ 78 ಇದ್ದ ಸಂಸದೆಯರ ಸಂಖ್ಯೆ 2024ರಲ್ಲಿ 74ಕ್ಕೆ ಇಳಿಯಿತು, ಅದೂ ಮಹಿಳಾ ಮೀಸಲಾತಿಗೆ ನೀವೆಲ್ಲ ಸಂಸತ್ತಿನಲ್ಲಿ ಕೈಯೆತ್ತಿದ ಮರುವರ್ಷವೇ. ದೇವೇಗೌಡರ ಸರ್ಕಾರ 1996ರಲ್ಲಿ ಮೊದಲು ಮಂಡಿಸಿದ ಮಸೂದೆ 2023ರಲ್ಲಿ ಅಂಗೀಕಾರವಾದಾಗ ಜನಗಣತಿ, ಕ್ಷೇತ್ರ ಮರುವಿಂಗಡಣೆ ಎಂಬ ಷರತ್ತುಗಳನ್ನು ಅಂಟಿಸಿದಿರಿ. ರಾಜ್ಯಸಭೆಗೂ ವಿಧಾನ ಪರಿಷತ್ತಿಗೂ ಅದು ಅನ್ವಯಿಸುವುದೇ ಇಲ್ಲ.

ಆದರೆ ಟಿಕೆಟ್ ಕೊಡಲು ಯಾವ ತಿದ್ದುಪಡಿಯೂ ಬೇಕಿಲ್ಲ, ನಿಮ್ಮ ಸಹಿ ಸಾಕು. ಅಭ್ಯರ್ಥಿಗಳಿಗೂ ಬರವಿಲ್ಲ. ಕರ್ನಾಟಕ 1983ರ ಕಾಯಿದೆಯಲ್ಲೇ ಪಂಚಾಯತಿಗಳಲ್ಲಿ ಹೆಂಗಸರಿಗೆ ಕಾಲುಭಾಗ ಸ್ಥಾನ ಕೊಟ್ಟ ರಾಜ್ಯ. ಈಗ ಅದು ಅರ್ಧಭಾಗವಾಗಿದೆ. ಕುಡಿಯುವ ನೀರಿನಿಂದ ನರೇಗಾ ಬಿಲ್ಲಿನವರೆಗೆ ಆಡಳಿತ ನಡೆಸಿ ಪಳಗಿದ ಸಾವಿರಾರು ಮಹಿಳೆಯರು ಊರೂರಲ್ಲಿದ್ದಾರೆ. ಅವರು ತಾಲ್ಲೂಕು, ಜಿಲ್ಲಾ ಪಂಚಾಯತಿ ದಾಟಿ ಮೇಲೆ ಬರದಂತೆ ತಡೆದಿರುವುದು ಮತದಾರರಲ್ಲ.

ನನ್ನ ಬೇಡಿಕೆ ಇಷ್ಟು. ಮುಂದಿನ ಲೋಕಸಭಾ ಚುನಾವಣೆಯಲ್ಲಿ ಮೂರರಲ್ಲಿ ಒಂದು ಟಿಕೆಟ್ಟನ್ನು, ಕಾನೂನು ಜಾರಿಯಾಗಿರಲಿ ಬಿಡಲಿ, ಮಹಿಳೆಯರಿಗೆ ಕೊಡಿ. ಕಳೆದ ಸಲ ನೀವೇ ಗೆದ್ದ ಕ್ಷೇತ್ರಗಳಲ್ಲೂ ಅದೇ ಪ್ರಮಾಣ ಇರಲಿ. ಎಷ್ಟು ಮಹಿಳೆಯರು ಅರ್ಜಿ ಹಾಕಿದರು, ಎಷ್ಟು ಜನರಿಗೆ ಕೊಟ್ಟಿರಿ, ಉಳಿದವರಿಗೆ ಯಾಕೆ ಕೊಡಲಿಲ್ಲ ಎಂಬುದನ್ನು ಪಟ್ಟಿಯ ಜೊತೆಗೇ ಪ್ರಕಟಿಸಿ.

ಇತಿ,
ಕರ್ನಾಟಕದ ಒಬ್ಬ ಮತದಾರಳು